ಸರ್ಪಸುತ್ತಲ್ಲಿ ಸರ್ಪ ಇಲ್ಲ, ಹುಳುಕಡ್ಡೀಲಿ ಹುಳ ಇಲ್ಲ: ನೀವು ಕೇಳಿದ್ರಿ, ನಾವು ಹೇಳ್ತೀವಿ

ಈ ತಿಂಗಳು ಬಂದಿರೋ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಒಟ್ಟು ಹಾಕಿ ನೋಡಿದ್ರೆ ಅರ್ಧಕ್ಕರ್ಧ ಪ್ರಶ್ನೆಗಳಲ್ಲಿ ಯಾವುದಾದ್ರೂ ಒಂದು ಪ್ರಾಣಿ ಇದೆ. ಹಾವು, ಮಂಗ, ಇಲಿ, ನಾಯಿ, ಆನೆ, ಹಸು, ಏಡಿ, ಎಲ್ಲವೂ ಕಾಯಿಲೆ ಹೆಸರಲ್ಲಿ ಬಂದು ಕೂತಿರೋವು. ಹಾಗಾಗಿ ಬಿಪಿ, ಥೈರಾಯ್ಡ್ ರಿಪೋರ್ಟ್ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ತಳ್ಳಿ ಈ ಸಲ ಬರೀ ಇವನ್ನೇ ತಗೊಂಡಿದೀನಿ. ನಾನು ಪಾಠ ಮಾಡಿದ್ದು ಪ್ರಾಣಿಶಾಸ್ತ್ರ, ಡಾಕ್ಟರ್ ಅಲ್ಲ. ಪದದ ಅರ್ಥ ಏನು, ರೋಗ ಯಾರಿಂದ ಯಾರಿಗೆ ಹೆಂಗೆ ಹೋಗುತ್ತೆ ಅನ್ನೋದನ್ನ ನನ್ನ ಕೇಳಿ, ಯಾವ ಮಾತ್ರೆ ಎಷ್ಟು ಹೊತ್ತಿಗೆ ಅನ್ನೋದನ್ನ ನಿಮ್ಮ ಡಾಕ್ಟರ್ ಹತ್ರಾನೇ ಕೇಳಿ.

ಪ್ರಶ್ನೆ: ಮೇಡಂ, ನಮ್ಮತ್ತೆಗೆ ಸೊಂಟದ ಒಂದು ಪಕ್ಕಕ್ಕೆ ಗುಳ್ಳೆ ಎದ್ದು ಉರಿ ಉರಿ ಅಂತ ಒದ್ದಾಡ್ತಿದ್ರು. ಡಾಕ್ಟರ್ ಚೀಟೀಲಿ ಹರ್ಪಿಸ್ ಜೋಸ್ಟರ್ ಅಂತ ಬರೆದ್ರು. ನಮ್ಮ ಮೈದುನ ಮೊಬೈಲಲ್ಲಿ ಹರ್ಪಿಸ್ ಅಂತ ಹುಡುಕಿ, ಇದು "ಆ ಥರದ" ಕಾಯಿಲೆ ಅಂತ ಗಾಬರಿಯಾಗಿ ಮನೇಲಿ ದೊಡ್ಡ ರಾದ್ಧಾಂತವೇ ಆಯ್ತು. ಅಕ್ಕಪಕ್ಕದೋರು ಇದು ಸರ್ಪಸುತ್ತು, ನಾಗದೋಷ, ತಲೆ ಬಾಲ ಕೂಡಿಕೊಂಡ್ರೆ ಜೀವ ಉಳಿಯಲ್ಲ ಅಂತಾರೆ. ಯಾವುದನ್ನ ನಂಬೋದು? (ಹಾಸನದಿಂದ ಒಬ್ಬ ಓದುಗರು)

ಉತ್ತರ: ಮೊದಲು ನಿಮ್ಮತ್ತೆಯವರ ಮರ್ಯಾದೆ ವಿಷಯ ಮುಗಿಸಿಬಿಡೋಣ, ನಿಮ್ಮ ಮೈದುನಂಗೆ ಈ ಪುಟಾನೇ ತೋರಿಸಿ. ಹರ್ಪಿಸ್ ಅನ್ನೋದು ಒಂದೇ ಒಂದು ವೈರಸ್ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಆ ಕುಟುಂಬದಲ್ಲಿ ಮನುಷ್ಯರಿಗೆ ಬರೋವೇ ಎಂಟೊಂಬತ್ತು ಇವೆ. ತುಟಿ ಪಕ್ಕ ಜ್ವರದ ಗುಳ್ಳೆ ಏಳಿಸೋದು, ಮೈದುನ ಹುಡುಕಿ ತೆಗೆದ ಜನನಾಂಗದ ಕಾಯಿಲೆ ತರೋದು, ಇವೆರಡೂ ಹರ್ಪಿಸ್ ಸಿಂಪ್ಲೆಕ್ಸ್. ನಿಮ್ಮತ್ತೆಗೆ ಬಂದಿರೋದು ಹರ್ಪಿಸ್ ಜೋಸ್ಟರ್, ಅದನ್ನ ತರೋದು ಚಿಕನ್ ಪಾಕ್ಸ್ ವೈರಸ್ಸು, ನಾವು ಮನೇಲಿ "ಅಮ್ಮ ಆಗಿದೆ" ಅಂತೀವಲ್ಲ ಅದೇ. ಚಿಕ್ಕ ವಯಸ್ಸಲ್ಲಿ ಅಮ್ಮ ಆಗಿ ವಾಸಿಯಾದ ಮೇಲೂ ಆ ವೈರಸ್ ಮೈ ಬಿಟ್ಟು ಹೋಗಿರಲ್ಲ, ಬೆನ್ನುಹುರಿ ಪಕ್ಕದ ನರದ ಗಂಟುಗಳಲ್ಲಿ ಹತ್ತಾರು ವರ್ಷ ಸುಮ್ನೆ ಮಲಗಿರತ್ತೆ, ವಯಸ್ಸಾಗಿ ಮೈಯ ತಾಕತ್ತು ಇಳಿದಾಗಲೋ ಬೇರೆ ಕಾಯಿಲೆ, ಔಷಧಿ ಕಾರಣಕ್ಕೋ ಎದ್ದು ಒಂದು ನರದ ದಾರಿ ಹಿಡ್ಕೊಂಡು ಚರ್ಮಕ್ಕೆ ಬರತ್ತೆ. ಅಂದ್ರೆ ಯಾರಿಂದಲೋ ಹೊಸದಾಗಿ ಅಂಟಿಸಿಕೊಂಡಿದ್ದಲ್ಲ, ಅವರ ಮೈಯಲ್ಲೇ ಇದ್ದದ್ದು.

ಈಗ ಹೆಸರಿಗೆ ಬನ್ನಿ. ಹರ್ಪಿಸ್ ಪದದ ಮೂಲ ಗ್ರೀಕ್ ಭಾಷೆಯ ತೆವಳು ಅನ್ನೋ ಕ್ರಿಯಾಪದ. ಹಾವು, ಹಲ್ಲಿ, ಕಪ್ಪೆಗಳನ್ನ ಓದೋ ಶಾಸ್ತ್ರಕ್ಕೆ ಹರ್ಪೆಟಾಲಜಿ ಅಂತಾರೆ, ಅದೂ ಇದೇ ಬೇರಿಂದ ಬಂದಿದ್ದು. ಜೋಸ್ಟರ್ ಅಂದ್ರೆ ಸೊಂಟಪಟ್ಟಿ. ತೆವಳೋದು ಪ್ಲಸ್ ಸೊಂಟಕ್ಕೆ ಸುತ್ತೋದು, ಎರಡೂ ಸೇರಿಸಿದ್ರೆ ಏನಾಯ್ತು ಹೇಳಿ? ನಮ್ಮ ಹಿರಿಯರು ಗ್ರೀಕ್ ಗಂಧಗಾಳಿ ಇಲ್ದೇನೇ ಸರ್ಪಸುತ್ತು ಅಂದ್ರು, ಅಲ್ಲಿಯೋರೂ ಅದನ್ನೇ ಕಂಡು ಅದನ್ನೇ ಅಂದ್ರು. ಎರಡು ಕಡೆಯೋರ ಕಣ್ಣಿಗೂ ನಾನು ಶಭಾಷ್ ಅಂತೀನಿ, ಆದ್ರೆ ಹೆಸರು ಕೊಟ್ಟಿದ್ದು ಅದು ಕಾಣೋ ರೀತಿಗೆ, ಕಾರಣಕ್ಕಲ್ಲ. ಹಾವಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ.

ತಲೆ ಬಾಲ ಕೂಡೋ ಕತೆ ಸುಳ್ಳು. ಬೆನ್ನುಹುರಿಯಿಂದ ಹೊರಡೋ ನರಗಳು ಎಡಕ್ಕೊಂದು ಬಲಕ್ಕೊಂದು ಅಂತ ಜೋಡಿಯಾಗಿ ಹೋಗ್ತವೆ, ಒಂದೊಂದು ನರಕ್ಕೂ ಚರ್ಮದ ಒಂದೊಂದು ಪಟ್ಟಿ ಸೇರಿರತ್ತೆ. ವೈರಸ್ ಎದ್ದ ನರ ಎಡದ್ದಾದ್ರೆ ಗುಳ್ಳೆ ಎಡಕ್ಕೆ ಮಾತ್ರ, ಹೊಕ್ಕುಳು, ಬೆನ್ನು ಮೂಳೆಯ ನಡುಗೆರೆ ಹತ್ರ ಬಂದು ನಿಂತುಬಿಡತ್ತೆ. ಪೂರ್ತಿ ಸುತ್ತು ಬರೋದು ತೀರಾ ಅಪರೂಪ, ಬಂದ್ರೂ ಅದರಿಂದ್ಲೇ ಯಾರೂ ಸಾಯಲ್ಲ. ಹೆದರಬೇಕಾದ ವಿಷಯ ಬೇರೆ ಇವೆ. ಒಂದು, ವೈರಸ್ ತಡೆಯೋ ಮಾತ್ರೆ ಗುಳ್ಳೆ ಎದ್ದ 72 ಗಂಟೆ ಒಳಗೆ ಶುರು ಮಾಡಿದ್ರೆ ಹೆಚ್ಚು ಉಪಯೋಗ, ಆ ಮೂರು ದಿನಾನೂ ಕೆಂಪು ಮಣ್ಣು ಹಚ್ಚಿಸೋದ್ರಲ್ಲಿ, ಮಂತ್ರ ಹಾಕಿಸೋದ್ರಲ್ಲಿ ಕಳೆದ್ರೆ ಮುಂದೆ ತಿಂಗಳುಗಟ್ಲೆ ನರದ ನೋವು ಉಳಿಯೋ ಸಾಧ್ಯತೆ ಜಾಸ್ತಿ. ಇನ್ನೊಂದು, ಹಣೆ, ಕಣ್ಣಿನ ಸುತ್ತ, ಮೂಗಿನ ತುದೀಲಿ ಗುಳ್ಳೆ ಬಂದ್ರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ, ದೃಷ್ಟಿಗೇ ಅಪಾಯ. ಮನೇಲಿ ಬಸುರಿ ಹೆಂಗಸರು, ಎಳೆ ಕೂಸು ಇದ್ರೆ ಗುಳ್ಳೆ ಒಣಗೋವರೆಗೂ ದೂರ ಇರ್ಲಿ, ಗುಳ್ಳೆಯ ನೀರು ತಾಗಿ ಅವರಿಗೆ ಸರ್ಪಸುತ್ತು ಬರಲ್ಲ, ಆದ್ರೆ ಮುಂಚೆ ಅಮ್ಮ ಆಗದೇ ಇದ್ದೋರಿಗೆ ಅಮ್ಮ ಬರಬಹುದು. ದೇವಸ್ಥಾನಕ್ಕೆ ಹೋಗ್ಬೇಕು ಅಂದ್ರೆ ಹೋಗ್ಲಿ ಪಾಪ, ಮಾತ್ರೆ ನುಂಗಿ ಹೋಗ್ಲಿ ಅಷ್ಟೇ.

ಪ್ರಶ್ನೆ: ನಾನು ಸೆಕೆಂಡ್ ಪಿಯು ಓದ್ತಿದೀನಿ. ಮಂಗನ ಕಾಯಿಲೆ, ಮಂಗನ ಬಾವು ಎರಡೂ ಮಂಗದಿಂದಾನೇ ಬರೋದಾ? ನಮ್ಮೂರಲ್ಲಿ ಮಂಗ ಸತ್ರೆ ಎಲ್ಲರೂ ಹೆದರ್ತಾರೆ. ಪುಸ್ತಕದಲ್ಲಿ ವೆಕ್ಟರ್, ಹೋಸ್ಟ್, ರಿಸರ್ವಾಯರ್ ಅಂತೆಲ್ಲಾ ಇದೆ, ಉರು ಹೊಡೆದಿದೀನಿ ಆದ್ರೆ ತಲೆಗೆ ಹೋಗಿಲ್ಲ. (ಸಾಗರ ತಾಲೂಕಿನಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ಅಮ್ಮಾ, ಈ ಪದಗಳನ್ನ ಕಲಿಯೋಕೆ ನಿಮ್ಮೂರಿಗಿಂತ ಒಳ್ಳೇ ಜಾಗ ಇಡೀ ದೇಶದಲ್ಲಿ ಇಲ್ಲ, ಹೆಮ್ಮೆ ಪಡೋ ವಿಷಯ ಅಲ್ಲ ಬಿಡು. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತು, ಹಿಂದೇನೇ ಊರ ಜನಕ್ಕೆ ಜ್ವರ ಬಂದು, ಪುಣೆಯ ವೈರಸ್ ಸಂಶೋಧನಾ ಕೇಂದ್ರದೋರು ಬಂದು ಹೊಸ ವೈರಸ್ಸೇ ಸಿಕ್ಕಿತು. ಅದಕ್ಕೇ ಜಗತ್ತಿಗೆಲ್ಲಾ ಇದು ಕ್ಯಾಸನೂರು ಕಾಡಿನ ಕಾಯಿಲೆ, ಚಿಕ್ಕದಾಗಿ ಕೆಎಫ್‌ಡಿ.

ಪದಗಳನ್ನ ಒಂದೊಂದಾಗಿ ನಿಮ್ಮ ಕಾಡಿಗೇ ಹಾಕಿ ನೋಡು. ವೆಕ್ಟರ್ ಅಂದ್ರೆ ರೋಗಾಣುವನ್ನ ಒಬ್ಬರಿಂದ ಇನ್ನೊಬ್ಬರಿಗೆ ಹೊತ್ತು ಹಾಕೋ ಜೀವಿ. ಇಲ್ಲಿ ಅದು ಉಣುಗು, ಶಾಸ್ತ್ರೀಯ ಹೆಸರು ಹೀಮಾಫೈಸಾಲಿಸ್ ಸ್ಪೈನಿಜೆರಾ. ಉಣುಗು ಕೀಟ ಅಲ್ಲ, ಪರೀಕ್ಷೇಲಿ ಕೀಟ ಅಂತ ಬರೀಬೇಡ, ಅದು ಜೇಡ ಚೇಳಿನ ಗುಂಪಿಂದು, ಬೆಳೆದದ್ದಕ್ಕೆ ಎಂಟು ಕಾಲು. ಮೊಟ್ಟೆಯಿಂದ ಬಂದ ಮರಿ ಲಾರ್ವಾ, ಅದಕ್ಕೆ ಮಾತ್ರ ಆರು ಕಾಲು. ಆಮೇಲೆ ನಿಂಫ್, ಆಮೇಲೆ ದೊಡ್ಡದು. ಒಂದೊಂದು ಹಂತಕ್ಕೂ ಒಂದೊಂದು ಪ್ರಾಣಿ ಮೈ ಹತ್ತಿ ರಕ್ತ ಕುಡಿದು ಇಳಿಯತ್ತೆ. ಮನುಷ್ಯರನ್ನ ಜಾಸ್ತಿ ಕಚ್ಚೋದು ನಡುವಿನ ನಿಂಫ್, ಎಳ್ಳಿನಷ್ಟು ಸಣ್ಣಕ್ಕಿರೋದ್ರಿಂದ ಕಚ್ಚಿದ್ದೇ ಗೊತ್ತಾಗಲ್ಲ, ಅದು ಕಾಡಲ್ಲಿ ತುಂಬೋದು ಹೆಚ್ಚು ಕಮ್ಮಿ ಡಿಸೆಂಬರಿಂದ ಮೇವರೆಗೆ, ನಿಮ್ಮ ಕಡೆ ಜನ ದರಕು ತರೋಕೆ, ಸೌದೆಗೆ, ಅಡಿಕೆ ಕೆಲಸಕ್ಕೆ ಅಂತ ಓಡಾಡೋದೂ ಅದೇ ಹೊತ್ತಲ್ಲಿ.

ಹೋಸ್ಟ್ ಅಂದ್ರೆ ರೋಗಾಣುವಿಗೋ ಪರೋಪಜೀವಿಗೋ ಮೈಯಲ್ಲಿ ಜಾಗ ಕೊಟ್ಟಿರೋ ಜೀವಿ, ಕನ್ನಡದ ಪಠ್ಯದಲ್ಲಿ ಆತಿಥೇಯ ಅಂತಿರತ್ತೆ. ಯಾರಿಗೆ ಹೋಸ್ಟ್ ಅನ್ನೋದನ್ನ ಯಾವಾಗಲೂ ಕೇಳಬೇಕು, ಎಲ್ಲರೂ ತಪ್ಪೋದು ಇಲ್ಲೇ. ದನ ಉಣುಗಿಗೆ ಹೋಸ್ಟ್, ಮೈ ತುಂಬಾ ಉಣುಗು ಸಾಕತ್ತೆ, ಆದ್ರೆ ಈ ವೈರಸ್ಸು ದನದ ಮೈಯಲ್ಲಿ ಹೇಳಿಕೊಳ್ಳೋ ಹಾಗೆ ಬೆಳೆಯಲ್ಲ. ಮಂಗ ಇದೆಯಲ್ಲ, ಕರಿಮೂತಿ ಮುಸುವ ಇರಲಿ ಕೆಂಪು ಮೂತಿ ಮಂಗ ಇರಲಿ, ಅದರ ರಕ್ತದಲ್ಲಿ ವೈರಸ್ ವಿಪರೀತ ಬೆಳೆಯತ್ತೆ, ಆಗ ರಕ್ತ ಕುಡಿದ ಉಣುಗಿಗೆಲ್ಲಾ ಅಂಟತ್ತೆ, ಇಂಥದ್ದಕ್ಕೆ ಆಂಪ್ಲಿಫೈಯಿಂಗ್ ಹೋಸ್ಟ್, ಅಂದ್ರೆ ವೈರಸ್ಸನ್ನ ಹೆಚ್ಚಿಸೋ ಆತಿಥೇಯ ಅಂತ ಹೆಸರು. ರಿಸರ್ವಾಯರ್ ಅಂದ್ರೆ ಊರಲ್ಲಿ ಯಾರಿಗೂ ಜ್ವರ ಇಲ್ಲದ ಕಾಲದಲ್ಲೂ ವೈರಸ್ಸನ್ನ ಕಾಪಾಡಿ ಇಟ್ಟುಕೊಂಡಿರೋ ಜೀವಿಗಳು, ಇಲ್ಲಿ ಸ್ವತಃ ಉಣುಗು, ಜೊತೆಗೆ ಕಾಡಿಲಿ, ಮೂಗಿಲಿ ಥರದ ಸಣ್ಣ ಪ್ರಾಣಿಗಳು. ಮನುಷ್ಯ? ನಾವು ಡೆಡ್ ಎಂಡ್ ಹೋಸ್ಟ್. ವೈರಸ್ ನಮ್ಮವರೆಗೆ ಬರತ್ತೆ, ಅಲ್ಲಿಂದ ಮುಂದೆ ದಾರಿ ಇಲ್ಲ. ಮಂಗನ ಕಾಯಿಲೆ ಬಂದೋರನ್ನ ಮುಟ್ಟಿದ್ರೆ, ಪಕ್ಕದಲ್ಲಿ ಕೂತ್ರೆ ಅಂಟಲ್ಲ, ಇದನ್ನ ನಿಮ್ಮೂರಲ್ಲಿ ಜೋರಾಗಿ ಹೇಳು. ಇಷ್ಟೂ ಸೇರಿ ಪ್ರಾಣಿಗಳಿಂದ ಮನುಷ್ಯರಿಗೆ ಬರೋ ಕಾಯಿಲೆಗೆ ಜೂನೋಸಿಸ್ ಅಂತಾರೆ.

ಹಾಗಾದ್ರೆ ಮಂಗ ಅಪರಾಧಿನಾ? ನನ್ನ ಕೇಳಿದ್ರೆ ಮೊದಲ ಬಲಿಯೇ ಅದು. ಸತ್ತ ಮಂಗದ ಮೈಯಿಂದ ಹಸಿದ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಹರಡಿಕೊಳ್ತವೆ, ಅದಕ್ಕೇ ಮಂಗ ಸತ್ತ ಜಾಗದ ಸುತ್ತ ಹೋಗಬೇಡಿ, ಮುಟ್ಟಬೇಡಿ, ಆಸ್ಪತ್ರೆಗೋ ಅರಣ್ಯ ಇಲಾಖೆಗೋ ತಿಳಿಸಿ ಅನ್ನೋದು. ಬದುಕಿರೋ ಮಂಗಕ್ಕೆ ಕಲ್ಲು ಹೊಡೆದು ಓಡಿಸಿದ್ರೆ ಏನೂ ಪ್ರಯೋಜನ ಇಲ್ಲ. ಕಾಡಿಗೆ ಹೋಗೋ ಮುಂಚೆ ಆರೋಗ್ಯ ಇಲಾಖೆ ಕೊಡೋ, ಉಣುಗು ಹತ್ತದಂತೆ ತಡೆಯೋ ಡೆಪಾ ಎಣ್ಣೆ ಹಚ್ಚಿಕೊಳ್ಳೋದು, ಮೈ ತುಂಬಾ ಬಟ್ಟೆ, ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕೋದು, ಇಷ್ಟು. ಉಣುಗು ಕಚ್ಚಿ 3ರಿಂದ 8 ದಿನಕ್ಕೆ ದಿಢೀರ್ ಜ್ವರ, ತಲೆ ಸಿಡಿಯೋ ನೋವು, ಮೈಕೈ ನೋವು ಬರತ್ತೆ, ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಆದ್ಮೇಲೆ ಮತ್ತೆ ಬರತ್ತೆ, ಡಾಕ್ಟರ್ ಚೀಟೀಲಿ ಬೈಫೇಸಿಕ್ ಅಂತ ಕಂಡ್ರೆ ಅರ್ಥ ಅದೇ, ಎರಡು ಸರ್ತಿಯ ಜ್ವರ. ನೂರಕ್ಕೆ 3ರಿಂದ 5 ಜನ ಸಾಯೋ ಕಾಯಿಲೆ, ಹಗುರವಾಗಿ ತಗೊಳ್ಳೋ ಹಾಗಿಲ್ಲ.

ಮಂಗನ ಬಾವಿನ ವಿಷಯ ಎರಡೇ ಮಾತು. ಅದು ಮಂಪ್ಸ್, ಮನುಷ್ಯರಿಂದ ಮನುಷ್ಯರಿಗೆ ಕೆಮ್ಮು, ಎಂಜಲಿನಲ್ಲಿ ಹರಡೋ ಬೇರೆಯದೇ ವೈರಸ್. ಕಿವಿ ಕೆಳಗಿನ ಜೊಲ್ಲಿನ ಗ್ರಂಥಿ ಊದಿಕೊಂಡು ಮುಖ ಮಂಗನ ಹಾಗೆ ಕಾಣತ್ತೆ ಅಂತ ಆ ಹೆಸರು ಬಿದ್ದಿರಬೇಕು, ಮಂಗಕ್ಕೆ ಅದರ ಸುದ್ದಿಯೇ ಗೊತ್ತಿಲ್ಲ.

ಪ್ರಶ್ನೆ: ನಮ್ಮ ಓಣ್ಯಾಗ ಆರೋಗ್ಯ ಇಲಾಖೆದವ್ರು ರಾತ್ರಿ ಹತ್ತರ ಮ್ಯಾಲ ಬಂದು ಬಟ್ಟು ಚುಚ್ಚಿ ರಕ್ತ ತಗೊಂಡು ಹೋದ್ರು. ಆನೆಕಾಲು ರೋಗ ಐತೇನ್ ನೋಡಾಕ ಅಂದ್ರು. ಹಗಲೊತ್ತು ಬರಾಕ ಏನಾಗಿತ್ರೀ ಇವ್ರಿಗೆ? ರೋಗ ಇಲ್ದವ್ರಿಗೂ ಗುಳಿಗಿ ನುಂಗ್ರಿ ಅಂತಾರ, ಯಾಕ? (ಕಲಬುರಗಿಯಿಂದ ಒಬ್ಬ ಓದುಗರು)

ಉತ್ತರ: ಪಾಪ ಅವರೂ ಮನೆ ಮಠ ಇದ್ದೋರೇ, ರಾತ್ರಿ ತಿರುಗೋ ಆಸೆ ಅವರಿಗೂ ಇಲ್ಲ. ವಿಷಯ ಏನಂದ್ರೆ ಆ ಹುಳಾನೇ ರಾತ್ರಿ ಪಾಳಿಯದು. ಆನೆಕಾಲಿಗೆ ಶಾಸ್ತ್ರದ ಹೆಸರು ಲಿಂಫ್ಯಾಟಿಕ್ ಫೈಲೇರಿಯಾಸಿಸ್. ಫೈಲೇರಿಯಾ ಅಂದ್ರೆ ನೂಲಿನಂಥದ್ದು, ಹುಳ ನೋಡೋಕೆ ಹಾಗೇ ಇರತ್ತೆ, ಹೆಣ್ಣು 8ರಿಂದ 10 ಸೆಂಟಿಮೀಟರ್ ಉದ್ದ, ನೂಲಿನಷ್ಟೇ ದಪ್ಪ. ನಮ್ಮಲ್ಲಿ ಹೆಚ್ಚಾಗಿ ಸಿಗೋದು ವುಚೆರೇರಿಯಾ ಬ್ಯಾಂಕ್ರಾಫ್ಟಿ. ದೊಡ್ಡ ಹುಳ ಮೈಯ ಹಾಲುರಸದ ನಾಳಗಳಲ್ಲಿ, ಅಂದ್ರೆ ಲಿಂಫ್ ಹರಿಯೋ ನಾಳದಲ್ಲಿ ಕೂತ್ಕೊಂಡು ಸಾವಿರಾರು ಮರಿ ಬಿಡತ್ತೆ, ಆ ಮರಿಗಳೇ ಮೈಕ್ರೋಫೈಲೇರಿಯಾ. ಅವು ಹಗಲೆಲ್ಲಾ ಶ್ವಾಸಕೋಶದ ರಕ್ತನಾಳದಲ್ಲಿ ಅಡಗಿದ್ದು ರಾತ್ರಿ ಸುಮಾರು ಹತ್ತರಿಂದ ಎರಡು ಗಂಟೆ ನಡುವೆ ಚರ್ಮದ ಹತ್ತಿರದ ರಕ್ತಕ್ಕೆ ಬರ್ತವೆ. ಯಾಕಂದ್ರೆ ಇವನ್ನ ಸಾಗಿಸೋ ಕ್ಯೂಲೆಕ್ಸ್ ಸೊಳ್ಳೆ, ನಿಮ್ಮ ಗಟಾರದ ಗಲೀಜು ನೀರಲ್ಲಿ ಹುಟ್ಟೋದು, ಕಚ್ಚೋದೇ ಆ ಹೊತ್ತಲ್ಲಿ. ಹುಳದ ಮರಿ ಮತ್ತು ಸೊಳ್ಳೆ ಇಬ್ಬರ ಟೈಮ್ ಟೇಬಲ್ ಹಿಂಗೆ ಕೂಡಿಕೊಂಡಿರೋದನ್ನ ಪಾಠ ಮಾಡುವಾಗ ನನಗೆ ಪ್ರತೀ ಸಲ ಮೈ ಜುಮ್ ಅಂತಿತ್ತು. ಮಧ್ಯಾಹ್ನ ಬಂದು ರಕ್ತದ ಹನಿ ತಗೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ, ಮೈಯಲ್ಲಿ ಹುಳ ಇದ್ರೂ ಅದರಲ್ಲಿ ಕಾಣದೇ ಹೋಗಬಹುದು.

ಇನ್ನು ಗುಳಿಗಿ. ಹುಳ ಮೈ ಸೇರಿ ಕಾಲು ಊದೋಕೆ ವರ್ಷಗಟ್ಲೆ ಹಿಡಿಯತ್ತೆ, ಅಲ್ಲೀವರೆಗೂ ಮನುಷ್ಯ ಗಟ್ಟಿಮುಟ್ಟಾಗೇ ಕಾಣ್ತಾನೆ, ಆದ್ರೆ ಅವನ ರಕ್ತದಿಂದ ಸೊಳ್ಳೆ ಮರಿಗಳನ್ನ ಒಯ್ತಾ ಇರತ್ತೆ. ಇಂಥೋರಿಗೆ ಕ್ಯಾರಿಯರ್ ಅನ್ನೋದು. ಯಾರು ಕ್ಯಾರಿಯರ್ ಅಂತ ಮುಖ ನೋಡಿ ಹೇಳೋಕಾಗಲ್ಲ, ಅದಕ್ಕೇ ಊರಿಗೆ ಊರೇ ನುಂಗಬೇಕು ಅಂತ ಎದುರಿಗೇ ನಿಂತು ನುಂಗಿಸ್ತಾರೆ. ಬಸುರಿಯರು, ಎರಡು ವರ್ಷದೊಳಗಿನ ಮಕ್ಕಳು, ಬಹಳ ಕಾಯಿಲೆ ಬಿದ್ದೋರಿಗೆ ಕೊಡಲ್ಲ, ಉಳಿದೋರು ದಯವಿಟ್ಟು ಕಿಸೆಗೆ ಹಾಕ್ಕೊಂಡು ಆಮೇಲೆ ಗಟಾರಕ್ಕೆ ಎಸೀಬೇಡಿ. ಒಮ್ಮೆ ಆನೆಕಾಲು ಆಗಿ ಚರ್ಮ ದಪ್ಪಗಾದ್ರೆ ಕಾಲು ಮೊದಲಿನ ಹಾಗೆ ಆಗೋದು ಕಷ್ಟ, ದಿನಾ ಸೋಪು ನೀರಲ್ಲಿ ತೊಳೆದು ಒರೆಸಿ ಗಾಯ ಆಗದ ಹಾಗೆ ನೋಡ್ಕೊಂಡ್ರೆ ಹೆಚ್ಚದಂತೆ ತಡೀಬಹುದು. ಆನೆಗೂ ಇದಕ್ಕೂ ಸಂಬಂಧ ಬರೀ ಕಾಲಿನ ಆಕಾರದ್ದು.

ಸಾಗರದ ಹುಡುಗಿಗೂ ಇಲ್ಲೇ ಒಂದು ಮಾತು ಸೇರಿಸ್ತೀನಿ. ಪರೋಪಜೀವಿ ಯಾರ ಮೈಯಲ್ಲಿ ಪ್ರಾಯಕ್ಕೆ ಬಂದು ಗಂಡು ಹೆಣ್ಣು ಕೂಡತ್ತೋ ಅದು ಡೆಫಿನಿಟಿವ್ ಹೋಸ್ಟ್, ಎಳೆಯ ಹಂತಗಳನ್ನ ಎಲ್ಲಿ ಕಳೆಯತ್ತೋ ಅದು ಇಂಟರ್‌ಮೀಡಿಯೆಟ್ ಹೋಸ್ಟ್. ಫೈಲೇರಿಯಾದಲ್ಲಿ ಡೆಫಿನಿಟಿವ್ ಮನುಷ್ಯ, ಮಧ್ಯದ್ದು ಸೊಳ್ಳೆ. ಮಲೇರಿಯಾದಲ್ಲಿ ಪೂರ್ತಿ ಉಲ್ಟಾ, ಅಲ್ಲಿ ಸೊಳ್ಳೆಯೇ ಡೆಫಿನಿಟಿವ್. ಪರೀಕ್ಷೆಗೆ ಬಂದೇ ಬರತ್ತೆ.

ಪ್ರಶ್ನೆ: ತೊಡೆ ಸಂದೀಲಿ ಹುಳುಕಡ್ಡಿ ಆಗಿದೆ. ಮೆಡಿಕಲ್ ಶಾಪಲ್ಲಿ ಕೊಟ್ಟ ಟ್ಯೂಬ್ ಹಚ್ಚಿದ್ರೆ ಎರಡೇ ದಿನಕ್ಕೆ ಮಾಯ, ಬಿಟ್ರೆ ಮೊದಲಿಗಿಂತ ದೊಡ್ಡದಾಗಿ ಬರತ್ತೆ. ಹುಳ ಒಳಗೆ ಇಳಿದುಬಿಟ್ಟಿದೆಯಾ? ಜಂತುಹುಳದ ಮಾತ್ರೆ ತಗೊಂಡ್ರೆ ಹೋಗುತ್ತಾ? (ದಾವಣಗೆರೆಯಿಂದ ಒಬ್ಬ ಯುವಕ)

ಉತ್ತರ: ಹುಳಾನೇ ಇಲ್ಲ ಅಂದ್ಮೇಲೆ ಇಳಿಯೋದು ಎಲ್ಲಿಗೆ? ಇದು ಫಂಗಸ್, ಬೂಷ್ಟಿನ ಜಾತಿಯದ್ದು. ನಾವು ಹುಳುಕಡ್ಡಿ ಅಂದ್ವಿ, ಇಂಗ್ಲಿಷಿನೋರು ರಿಂಗ್‌ವರ್ಮ್, ಉಂಗುರದ ಹುಳ ಅಂದ್ರು, ಲ್ಯಾಟಿನ್‌ನಲ್ಲಿ ಟಿನಿಯಾ ಅಂದ್ರು, ಅದೂ ಒಂದು ಹುಳದ ಹೆಸರೇ, ಉಣ್ಣೆ ಬಟ್ಟೆ ತಿನ್ನೋ ನುಸಿ. ಇವತ್ತಿಗೂ ಪ್ರಾಣಿಶಾಸ್ತ್ರದಲ್ಲಿ ಬಟ್ಟೆ ನುಸಿಯ ಒಂದು ಕುಲಕ್ಕೆ ಟಿನಿಯಾ ಅಂತಾನೇ ಹೆಸರು. ನುಸಿ ತಿಂದ ಕಂಬಳಿ ಮೇಲಿನ ದುಂಡನೆ ತೂತು ಚರ್ಮದ ಮೇಲೆ ಕಂಡಂಗೆ ಅವರಿಗೆ ಅನ್ನಿಸಿರಬೇಕು. ತಮಾಷೆ ಏನಂದ್ರೆ ನುಸಿ ಉಣ್ಣೆಯಲ್ಲಿ ತಿನ್ನೋದೂ ಕೆರಾಟಿನ್, ಅಂದ್ರೆ ಕೂದಲು, ಉಗುರು, ಚರ್ಮದಲ್ಲಿರೋ ಗಟ್ಟಿ ಪ್ರೋಟೀನು, ಈ ಫಂಗಸ್ ನಿಮ್ಮ ಚರ್ಮದ ಮೇಲ್ಪದರದಲ್ಲಿ ತಿನ್ನೋದೂ ಅದೇ ಕೆರಾಟಿನ್. ಡಾಕ್ಟರ್ ಚೀಟೀಲಿ ಟಿನಿಯಾ ಕ್ರೂರಿಸ್ ಅಂತಿದ್ರೆ ತೊಡೆ ಸಂದಿಯದು, ಕಾರ್ಪೊರಿಸ್ ಮೈಯದು, ಕ್ಯಾಪಿಟಿಸ್ ತಲೆಯದು, ಪೀಡಿಸ್ ಪಾದದ್ದು. ಕ್ರೂರಿಸ್ ಅಂದ್ರೆ ಕ್ರೂರ ಅಂತ ಅಲ್ಲ, ಲ್ಯಾಟಿನ್‌ನಲ್ಲಿ ಕಾಲು, ಒಬ್ಬರು ಹಾಗಂತ್ಲೇ ಹೆದರಿ ಬರೆದಿದ್ರು. ಲಾಡಿಹುಳದ ಕುಲದ ಹೆಸರು ಟೀನಿಯಾ, ಕೇಳೋಕೆ ಒಂದೇ ಥರ ಇದ್ರೂ ಅದು ಬೇರೆ, ಗ್ರೀಕಲ್ಲಿ ರಿಬ್ಬನ್ ಅಂತ. ಹಾಗಾಗಿ ಜಂತುಹುಳದ ಮಾತ್ರೆಯಿಂದ ಹುಳುಕಡ್ಡಿ ಹೋಗಲ್ಲ.

ನಿಮ್ಮ ಟ್ಯೂಬ್ ಪೆಟ್ಟಿಗೆ ಮೇಲೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಅಂತ ಇದೆಯಾ ನೋಡಿ. ಇದ್ರೆ ಅದು ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಂಪು, ತುರಿಕೆ ಎರಡನ್ನೂ ಥಟ್ ಅಂತ ಇಳಿಸತ್ತೆ, ಯಾಕಂದ್ರೆ ಅದು ನಿಮ್ಮ ಚರ್ಮದ ಹೋರಾಟವನ್ನೇ ನಿಲ್ಲಿಸತ್ತೆ, ಫಂಗಸ್ಸಿಗೆ ಅದಕ್ಕಿಂತ ಖುಷಿ ಇನ್ನೇನಿದೆ, ಆರಾಮಾಗಿ ಹಬ್ಬತ್ತೆ. ಉಂಗುರದ ಆಕಾರ ಅಳಿಸಿಹೋಗಿ ಚರ್ಮದ ಡಾಕ್ಟರಿಗೂ ಗುರುತು ಸಿಗದ ಹಾಗಾದ್ರೆ ಅದಕ್ಕೆ ಟಿನಿಯಾ ಇನ್‌ಕಾಗ್ನಿಟೋ, ವೇಷ ಮರೆಸಿಕೊಂಡ ಟಿನಿಯಾ ಅಂತ ಹೆಸರು. ಚರ್ಮ ತೆಳ್ಳಗಾಗಿ ತೊಡೆ ಸಂದೀಲಿ ಬಿಳಿ ಗೆರೆ ಬೀಳತ್ತೆ, ಅದು ಹೋಗಲ್ಲ. ನಮ್ಮ ದೇಶದಲ್ಲಿ ಇದೊಂದು ದೊಡ್ಡ ಪಿಡುಗೇ ಆಗಿದೆ, ಮೆಡಿಕಲ್ ಶಾಪಿನೋರು ಇಂಥ ಮೂರು ನಾಲ್ಕು ಬೆರಕೆ ಇರೋ ಟ್ಯೂಬನ್ನ ಚೀಟಿ ಇಲ್ದೇ ಕೊಡೋದು ತಪ್ಪು ಅಂತ ನಾನಂತೂ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಚರ್ಮದ ಡಾಕ್ಟರ್ ಹತ್ರ ಹೋಗಿ, ಟ್ಯೂಬನ್ನೂ ಜೇಬಲ್ಲಿ ಇಟ್ಕೊಂಡು ಹೋಗಿ ತೋರಿಸಿ, ಅವರು ಕೊಟ್ಟ ಔಷಧಿ ಕಲೆ ಹೋದ್ಮೇಲೂ ಅವರು ಹೇಳಿದಷ್ಟು ದಿನ ಮುಂದುವರಿಸಿ. ಮನೇಲಿ ಬೇರೆಯೋರಿಗೂ ಇದ್ರೆ ಒಟ್ಟಿಗೇ ಔಷಧಿ ಆಗ್ಬೇಕು, ಟವೆಲ್ ಬೇರೆ ಬೇರೆ, ಒದ್ದೆ ಒಳಉಡುಪು ಬೇಡ.

ಹುಳುಕು ಹಲ್ಲಲ್ಲೂ ಹುಳ ಇಲ್ಲ, ಅದು ಬ್ಯಾಕ್ಟೀರಿಯಾ ಮಾಡೋ ಆಮ್ಲದ ಕೆಲಸ. ಜಾತ್ರೇಲಿ ಹಲ್ಲಿನ ಹುಳ ತೆಗೆದು ಅಂಗೈ ಮೇಲೆ ತೋರಿಸೋರ ಹುಳ ಅವರದ್ದೇ, ನಿಮ್ಮದಲ್ಲ.

ಪ್ರಶ್ನೆ: ವ್ಯಾಕ್ಸಿನ್ ಅನ್ನೋ ಪದಕ್ಕೂ ಹಸುವಿಗೂ ಸಂಬಂಧ ಇದೆ ಅಂತ ಯಾರೋ ಹೇಳಿದ್ರು, ನಿಜಾನಾ? ಮಂಕಿಪಾಕ್ಸ್ ಹೆಸರನ್ನ ಯಾಕೆ ಬದಲಾಯಿಸಿದ್ರು? (ಮೈಸೂರಿನಿಂದ ಒಬ್ಬರು ನಿವೃತ್ತರು)

ಉತ್ತರ: ನಿಜ ಸರ್. ಲ್ಯಾಟಿನ್‌ನಲ್ಲಿ ವ್ಯಾಕಾ ಅಂದ್ರೆ ಹಸು. ಹಾಲು ಕರೆಯೋ ಹೆಂಗಸರಿಗೆ ಹಸುವಿನ ಕೆಚ್ಚಲಿಂದ ಒಂದು ಸಣ್ಣ ಸಿಡುಬು ಅಂಟುತ್ತೆ, ಅಂಥೋರಿಗೆ ದೊಡ್ಡ ಸಿಡುಬು ಬರಲ್ಲ ಅಂತ ಹಳ್ಳಿ ಜನಕ್ಕೆ ಗೊತ್ತಿದ್ದದ್ದನ್ನ ಎಡ್ವರ್ಡ್ ಜೆನ್ನರ್ 1796ರಲ್ಲಿ ಪರೀಕ್ಷೆ ಮಾಡಿ ನೋಡಿದ, 1798ರಲ್ಲಿ ಬರೆದು ಪ್ರಕಟಿಸಿದ. ಹಸುವಿನ ಸಿಡುಬಿಗೆ ಅವನು ಇಟ್ಟ ಲ್ಯಾಟಿನ್ ಹೆಸರಿಂದ ವ್ಯಾಕ್ಸಿನ್ ಬಂತು. 1802ರಲ್ಲಿ ಬೊಂಬಾಯಿಗೆ ಬಂತು. ನಿಮ್ಮೂರಿನ ನಂಟೂ ಇದೆ, 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರದಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸ್ತಿರೋದು ದಾಕು ಹಾಕಿಸಿಕೊಂಡ ಜಾಗ ತೋರಿಸೋಕೆ ಅಂತ ಇತಿಹಾಸಕಾರರು ಓದಿದ್ದಾರೆ. ನಮ್ಮ ಲಸಿಕೆ ಪದವೂ ಸುಮ್ನೆ ಬಂದಿದ್ದಲ್ಲ, ಸಂಸ್ಕೃತದಲ್ಲಿ ಲಸೀಕಾ ಅಂದ್ರೆ ಮೈಯೊಳಗಿನ ನೀರಿನಂಥ ರಸ, ಲಿಂಫು. ಆಮೇಲಿನ ಕಾಲದಲ್ಲಿ ದಾಕು ಹಾಕೋಕೆ ಕರುವಿನ ಗುಳ್ಳೆಯಿಂದ ತೆಗೆದ ರಸಕ್ಕೆ ಲಿಂಫ್ ಅಂತ್ಲೇ ಕರೀತಿದ್ರು.

ಆದ್ರೆ ಹಸುವಿನ ಸಿಡುಬಿನ ವೈರಸ್ಸಿನ ನಿಜವಾದ ಮನೆ ಹಸು ಅಲ್ಲ, ಕಾಡಿನ ಇಲಿ ಜಾತಿಯ ಪ್ರಾಣಿಗಳು. ಹಸು ಪಾಪ ನಮ್ಮ ಹಾಗೇ ಅಂಟಿಸಿಕೊಂಡಿದ್ದು. ಮಂಕಿಪಾಕ್ಸ್ ಕತೆಯೂ ಅದೇ. 1958ರಲ್ಲಿ ಕೋಪನ್‌ಹೇಗನ್‌ನ ಪ್ರಯೋಗಾಲಯದಲ್ಲಿ ಸಾಕಿದ್ದ ಮಂಗಗಳಲ್ಲಿ ಮೊದಲು ಕಾಣಿಸಿತು ಅನ್ನೋ ಒಂದೇ ಕಾರಣಕ್ಕೆ ಮಂಗದ ಹೆಸರು ಬಿತ್ತು, ಆಫ್ರಿಕಾದ ಅಳಿಲು, ಇಲಿ ಥರದ ದಂಶಕಗಳ ಮೇಲೇ ಜಾಸ್ತಿ ಅನುಮಾನ. 2022ರಲ್ಲಿ ರೋಗ ಹಬ್ಬಿದಾಗ ಹೆಸರಿನಿಂದ ಅವಮಾನ, ತಾರತಮ್ಯ ಶುರುವಾಗಿ, ಆ ವರ್ಷ ನವೆಂಬರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂಪಾಕ್ಸ್ ಅಂತ ಹೊಸ ಹೆಸರು ಕೊಟ್ಟಿತು. ಹೊಸ ಕಾಯಿಲೆಗಳಿಗೆ ಪ್ರಾಣಿ, ಊರು, ವ್ಯಕ್ತಿಗಳ ಹೆಸರು ಇಡಬೇಡಿ ಅಂತ 2015ರಲ್ಲೇ ಅದು ಹೇಳಿತ್ತು. ಹೆಸರಲ್ಲೇನಿದೆ ಅನ್ನೋರಿಗೆ 2009ರ ಈಜಿಪ್ಟ್ ನೋಡಿ ಅಂತೀನಿ. ಹಂದಿಜ್ವರ ಅನ್ನೋ ಸುದ್ದಿ ಕೇಳಿ ಅಲ್ಲಿನ ಸರ್ಕಾರ ದೇಶದ ಹಂದಿಗಳನ್ನೆಲ್ಲಾ, ಸುಮಾರು 3 ಲಕ್ಷ, ಕೊಲ್ಲೋಕೆ ಆದೇಶ ಮಾಡಿತು, ಆ ಹೊತ್ತಿಗೆ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡ್ತಾ ಇತ್ತು. ಕೈರೋದ ಕಸದ ಕೂಳು ತಿಂದು ಮುಗಿಸ್ತಿದ್ದ ಹಂದಿಗಳು ಹೋಗಿ ಬೀದೀಲೆಲ್ಲಾ ಕಸ ಕೊಳೆಯೋಕೆ ಶುರುವಾಯ್ತು.

ಪ್ರಶ್ನೆ: ಇಲಿ ಜ್ವರ ಬಂದ್ರೆ ಇಲಿ ಕಚ್ಚಿರಬೇಕಲ್ವಾ? ನಮ್ಮ ಭಾವನಿಗೆ ಬಂದದ್ದುಂಟು, ಇಲಿ ಕಚ್ಚಲೇ ಇಲ್ಲ ಮಾರಾಯ್ರೆ. (ಕುಂದಾಪುರದಿಂದ)

ಉತ್ತರ: ಕಚ್ಚಬೇಕಂತಿಲ್ಲ, ಉಚ್ಚೆ ಹೊಯ್ದರೆ ಸಾಕು. ಈ ಪಟ್ಟಿಯಲ್ಲಿ ಹೆಸರು ಸರಿಯಾಗಿ ಬಿದ್ದಿರೋ ಕಾಯಿಲೆ ಅಂದ್ರೆ ಇದೊಂದು. ಲೆಪ್ಟೋಸ್ಪೈರಾ ಅಂದ್ರೆ ತೆಳ್ಳಗಿನ ಸುರುಳಿ, ಹಾಗೆ ಕಾಣೋ ಬ್ಯಾಕ್ಟೀರಿಯಾ. ಇಲಿಯ ಮೂತ್ರಪಿಂಡದಲ್ಲಿ ಇರತ್ತೆ, ಇಲಿಗೆ ಏನೂ ಆಗಲ್ಲ, ಉಚ್ಚೆಯಲ್ಲಿ ಹೊರಬಂದು ಮಳೆಗಾಲದ ಗದ್ದೆ ನೀರು, ಕೆಸರು ಸೇರತ್ತೆ, ನಿಮ್ಮ ಕಾಲಿನ ಒಡಕು, ಗಾಯದ ಮೂಲಕ ಒಳಗೆ ಹೋಗತ್ತೆ. ದನ, ನಾಯಿ, ಹಂದಿ ಉಚ್ಚೆಯಿಂದಲೂ ಬರಬಹುದು, ಆ ಮಟ್ಟಿಗೆ ಇಲಿಗೂ ಸ್ವಲ್ಪ ಅನ್ಯಾಯವೇ. ಜ್ವರದ ಜೊತೆ ಮೀನಖಂಡ ಮುಟ್ಟೋಕಾಗದಷ್ಟು ನೋವು, ಕಣ್ಣು ಕೆಂಪು ಇದ್ರೆ, ನಾನು ಗದ್ದೆಗೆ ಇಳಿದಿದ್ದೆ ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಬೇಗ ಗೊತ್ತಾದ್ರೆ ಸಾಮಾನ್ಯ ಆಂಟಿಬಯೋಟಿಕ್‌ಗೇ ಬಗ್ಗತ್ತೆ. ಕಣ್ಣು ಹಳದಿಯಾದ್ಮೇಲೆ ಕಾಮಾಲೆ ಅಂದುಕೊಂಡು ನಾಟಿ ಮದ್ದಿಗೆ ಹೋಗಿ ಕಿಡ್ನಿ ಕೈಕೊಟ್ಟ ಮೇಲೆ ಆಸ್ಪತ್ರೆಗೆ ಬರೋದು ಬೇಡ.

ಉಳಿದವು ಚುಟುಕಾಗಿ.

ನಾಯಿಕೆಮ್ಮು ನಾಯಿಯಿಂದ ಬರುತ್ತಾ ಅಂತ ಚಿಂತಾಮಣಿಯಿಂದ ಕೇಳಿದ್ದಾರೆ. ಇಲ್ಲ, ಬಾರ್ಡೆಟೆಲ್ಲಾ ಪರ್ಟುಸಿಸ್ ಅನ್ನೋ ಬ್ಯಾಕ್ಟೀರಿಯಾ, ಮನುಷ್ಯರಿಂದ ಮನುಷ್ಯರಿಗೆ. ನಾಯಿಗಳಿಗೂ ಒಂದು ಕೆಮ್ಮು ಇದೆ, ಅದನ್ನ ತರೋದ್ರಲ್ಲಿ ಇದರ ದಾಯಾದಿ ಬಾರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಕೂಡ ಒಂದು, ಆದ್ರೆ ಮಗುವಿನ ನಾಯಿಕೆಮ್ಮು ನಿಮ್ಮ ಮನೆ ನಾಯಿ ಕೊಟ್ಟಿದ್ದಲ್ಲ. 6, 10, 14 ವಾರಕ್ಕೆ ಹಾಕೋ ಪೆಂಟಾವೇಲೆಂಟ್ ಲಸಿಕೆಯಲ್ಲಿ ಇದಕ್ಕೂ ರಕ್ಷಣೆ ಇದೆ, ತಪ್ಪಿಸಬೇಡಿ.

ನಾಲಿಗೆ ಕೆಳಗೆ ನೀರು ತುಂಬಿದ ಗಂಟು, ಸ್ಕ್ಯಾನ್ ರಿಪೋರ್ಟಲ್ಲಿ ರಾನುಲಾ ಅಂತಿದೆ, ಕ್ಯಾನ್ಸರ್ರಾ ಅಂತ ತುಮಕೂರಿನ ಒಬ್ಬರು. ಅಲ್ಲ. ರಾನಾ ಅಂದ್ರೆ ಕಪ್ಪೆ, ರಾನುಲಾ ಅಂದ್ರೆ ಪುಟ್ಟ ಕಪ್ಪೆ, ಗಂಟು ಕಪ್ಪೆ ಗಂಟಲ ಥರ ಉಬ್ಬಿರತ್ತೆ ಅಂತ. ಜೊಲ್ಲಿನ ಗ್ರಂಥಿಯಿಂದ ಜೊಲ್ಲು ಸೋರಿ ನಿಂತಿರೋದು. ಕಿವಿ ಮೂಗು ಗಂಟಲಿನ ಡಾಕ್ಟರ್ ಅಥವಾ ಬಾಯಿಯ ಸರ್ಜನ್ ನೋಡ್ತಾರೆ.

ಕ್ಯಾನ್ಸರ್ ಅಂದ್ರೆ ಏಡಿ ಅಂತೆ, ಏಡಿ ತಿಂದ್ರೆ ಬರುತ್ತಾ ಅಂತ ಕಾರವಾರದಿಂದ. ಗಡ್ಡೆ ಸುತ್ತ ಉಬ್ಬಿದ ರಕ್ತನಾಳಗಳು ಏಡಿ ಕಾಲಿನ ಹಾಗೆ ಕಂಡ ಕಾರಣಕ್ಕೆ ಹಳೇ ಗ್ರೀಕ್ ವೈದ್ಯರು ಕಾರ್ಕಿನೋಸ್ ಅಂದ್ರು, ಲ್ಯಾಟಿನ್‌ನಲ್ಲಿ ಕ್ಯಾನ್ಸರ್ ಆಯ್ತು, ನಮ್ಮ ಕರ್ಕಾಟಕ ರಾಶಿಗೂ ಇಂಗ್ಲಿಷಲ್ಲಿ ಅದೇ ಹೆಸರು. ಯುರೋಪಿನ ಕಡಲಲ್ಲಿ ಜನ ತಿನ್ನೋ ದೊಡ್ಡ ಏಡಿಯ ಶಾಸ್ತ್ರೀಯ ಹೆಸರು ಕ್ಯಾನ್ಸರ್ ಪಗ್ಯೂರಸ್, ಅಲ್ಲಿಯೋರು ಆರಾಮಾಗಿ ತಿಂತಾರೆ. ನಿಮಗೆ ಏಡಿ, ಸಿಗಡಿ ಅಲರ್ಜಿ ಇಲ್ಲ ಅಂದ್ರೆ ನೀವೂ ತಿನ್ನಿ, ಕಾರವಾರದಲ್ಲಿದ್ದು ಏಡಿ ಸಾರು ಬಿಡಿ ಅಂತ ಹೇಳೋಷ್ಟು ಕಟುಕಿ ನಾನಲ್ಲ.